ನಳಿಕೆಯ ಆ ತುದಿ

ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಬಚ್ಚಲಿನಿಂದ ಬಂದ ಜಯಂತಿ ಕೇಳಿದ್ದು ಭಾಸ್ಕರನಿಗೆ ಅವಳ ತುಟಿಯಿಂದ ಗೊತ್ತಾಯಿತು. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು, ಪೇಪರ್ ಹಿಡಿದು ಅವನು ಕೂತದ್ದೇ ಅದನ್ನು ಎಣಿಸಲಿಕ್ಕೆ. "ಮೂರು," ಎಂದ. ಇಷ್ಟು ಸಣ್ಣ ಕೆಲಸವನ್ನು ತನ್ನಂಥ ಎಂಜಿನಿಯರನಿಗೆ ಹಚ್ಚಿದ್ದಕ್ಕೆ ದನಿಯಲ್ಲಿ ಒಂದಿಷ್ಟು ಬೇಸರವನ್ನೂ ಸೇರಿಸಿದ. ಜಯಂತಿ ಗದರಲಿಲ್ಲ. ಒಲೆಯ ಹತ್ತಿರ ಹೋಗಿ ಕುಕ್ಕರಿನ ಮೈಮೇಲೆ ಬರಿಯ ಅಂಗೈ ಇಟ್ಟಳು, ಇಟ್ಟುಕೊಂಡೇ ನಿಂತಳು. ಆಮೇಲೆ ಅವನ ಕಡೆ ಮುಖ ಮಾಡಿ, ಮಕ್ಕಳಿಗೆ ಹೇಳಿದ ಹಾಗೆ ಬಿಡಿಬಿಡಿಯಾಗಿ, "ನಾನು ಗ್ಯಾಸೇ ಹಚ್ಚಿದ್ದಿಲ್ಲ," ಎಂದಳು. ಅವನಿಗೆ ಸಿಟ್ಟು ಬಂತು. ಗಂಡನನ್ನು ಪರೀಕ್ಷೆ ಮಾಡುವ ಹೆಂಗಸು! ಆದರೆ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಹೆದರಿಕೆ ಇತ್ತು. "ಎಷ್ಟು ದಿನ ಹಿಂಗೆ ನಾಟ್ಕ ಮಾಡ್ತ್ರಿ? ಡಾಕ್ಟ್ರ ಹತ್ರ ಹೋಗುವ ಅಂದ್ರೆ ಬೇಡ ಅಂತ್ರಿ." ಎಂತದೂ ಆಗಿಲ್ಲ, ಪೇಪರಿನಲ್ಲಿ ಮಗ್ನನಾಗಿದ್ದೆ ಎಂದು ಭಾಸ್ಕರ ಹೇಳಿದ. ಅವಳು ಎರಡೂ ಕೈಯಿಂದ ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡಿದಳು. ಅಂದರೆ ತಾನು ಮತ್ತೆ ಕೂಗಿ ಹೇಳಿದ್ದ. ಪಕ್ಕದ ಮನೆಯ ಕಿಟಕಿ ತೆರೆದೇ ಇತ್ತು.

ಬೀದಿಯ ತಿರುವಿನಲ್ಲಿ ಮೊಟ್ಟೆ ಅಂಗಡಿಯ ನವಾಯತ ಮುದುಕರು ಬಾಗಿಲಲ್ಲೇ ನಿಂತಿದ್ದರು. ನಿನ್ನೆ ಅವರು ಏನೋ ಹೇಳಿದ್ದರು. ಗಡ್ಡದ ನಡುವೆ ತುಟಿ ಓದಲು ಬರುವುದಿಲ್ಲ. ಭಾಸ್ಕರ ರೂಢಿಯಂತೆ ನಕ್ಕು, "ಒಳ್ಳೇದಾತು, ಒಳ್ಳೇದಾತು," ಎಂದು ಬಂದುಬಿಟ್ಟಿದ್ದ. ರಾತ್ರಿ ಜಯಂತಿ ಹೇಳಿದ ಮೇಲೆ ಗೊತ್ತಾದದ್ದು, ಅವರ ಅಣ್ಣ ತೀರಿಕೊಂಡಿದ್ದ ಸುದ್ದಿ ಅದು. ಈಗ ಏನು ಹೇಳುವುದು? ನಿಮ್ಮ ಅಣ್ಣ ಸತ್ತದ್ದು ಒಳ್ಳೆಯದಾಯಿತೆಂದು ನಾನು ಹೇಳಿದ್ದಲ್ಲ ಸಾಹೇಬರೇ ಎನ್ನುವುದೋ? ಮುದುಕರು ಇವತ್ತು ಅವನನ್ನು ನೋಡಿ ಮುಖ ತಿರುಗಿಸಲಿಲ್ಲ, ಸುಮ್ಮನೆ ನೋಡಿದರು. ಭಾಸ್ಕರ ಮೊಬೈಲನ್ನು ಕಿವಿಗೆ ಹಿಡಿದು, ಯಾರದ್ದೋ ಮಾತು ಕೇಳುತ್ತಿರುವವನ ಹಾಗೆ ಹೂಂ ಹೂಂ ಎನ್ನುತ್ತ ದಾಟಿದ. ಮೊಬೈಲಿನಲ್ಲಿ ಯಾರೂ ಇರಲಿಲ್ಲ. ನಿಜವಾಗಿ ಯಾರಾದರೂ ಇದ್ದಾಗ ಅವನು ಅದನ್ನು ಎತ್ತುವುದನ್ನೇ ಬಿಟ್ಟಿದ್ದ. ಹಿಂದೆ ಜೊತೆಗೆ ಕೆಲಸ ಮಾಡಿದ ದೇವರಾಜ ಹೊನ್ನಾವರದಿಂದ ವಾರಕ್ಕೊಮ್ಮೆ ಫೋನು ಮಾಡುತ್ತಾನೆ, ಹೆಸರು ಮಿನುಗುತ್ತದೆ, ಜೇಬು ನಡುಗುತ್ತದೆ, ನಿಲ್ಲುತ್ತದೆ. ದೊಡ್ಡ ಮನುಷ್ಯ ಆದ ನಮ್ಮ ಭಾಸ್ಕರ ಎಂದುಕೊಂಡಿರಬೇಕು ಅವನು. ಹಾಗೆಯೇ ಅಂದುಕೊಳ್ಳಲಿ, ಕಿವುಡನಾದ ಎಂದುಕೊಳ್ಳುವುದಕ್ಕಿಂತ ಅದೇ ವಾಸಿ.

ವಿದ್ಯುತ್ ಸ್ಥಾವರದ ಬಸ್ಸು ಭಟ್ಕಳ ದಾಟಿ ಹೊನ್ನಾವರದ ದಿಕ್ಕಿಗೆ ಹೆದ್ದಾರಿ ಹಿಡಿದಾಗ ಅವನು ಯಾವಾಗಲೂ ಕಿಟಕಿಯ ಸೀಟಿನಲ್ಲಿ ಕಣ್ಣು ಮುಚ್ಚುತ್ತಿದ್ದ. ನಿದ್ದೆ ಬಂದವನ ಹತ್ತಿರ ಯಾರೂ ಮಾತಾಡುವುದಿಲ್ಲ. ಬರುವ ವಾರ ವರ್ಷದ ಆರೋಗ್ಯ ತಪಾಸಣೆ. ಹೋದ ವರ್ಷ ಕಿವಿ ಪರೀಕ್ಷೆಯಲ್ಲಿ ನರ್ಸಮ್ಮ ಗುಂಡಿ ಒತ್ತುವಾಗ ಅವಳ ಹೆಬ್ಬೆರಳು ಅವಳದೇ ಕನ್ನಡಕದ ಗಾಜಿನಲ್ಲಿ ಕಾಣುತ್ತಿತ್ತು. ಬೆರಳು ಕದಲಿದಾಗೆಲ್ಲ ಕೈ ಎತ್ತಿ ಪಾಸಾಗಿದ್ದ. ಈ ವರ್ಷ ಗಾಜೂ ಇಲ್ಲದ, ಕಿಟಕಿಯೂ ಇಲ್ಲದ ಒಂದು ಪೆಟ್ಟಿಗೆ ತಂದಿದ್ದಾರಂತೆ, ಒಳಗೆ ಒಬ್ಬನೇ ಕೂರಬೇಕು. ಫೇಲಾದವನನ್ನು ಟರ್ಬೈನಿನ ಹತ್ತಿರ ಬಿಡುವುದಿಲ್ಲ. ಗೇಟಿನ ಪಕ್ಕದ ಆಫೀಸಿನಲ್ಲಿ ಮೇಜು ಕೊಡುತ್ತಾರೆ, ನಿವೃತ್ತಿಯವರೆಗೆ ಅಲ್ಲೇ ಕೂತು ಬೇರೆಯವರ ರಜೆ ಅರ್ಜಿ ನೋಡುವುದು. ಅದೂ ಯಾರನ್ನು? ಭಾಸ್ಕರನನ್ನು. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಕಿವಿಗೆ ಕೊಟ್ಟು, ಬೇರಿಂಗ್ ಇನ್ನು ಹದಿನೈದು ದಿನ ಬರುತ್ತದೆ, ಆಮೇಲೆ ಇಲ್ಲ ಎನ್ನುತ್ತಿದ್ದವನನ್ನು. ಹೊಸಬರು ಬಂದರೆ ಹಳಬರು ತೋರಿಸುತ್ತಿದ್ದದ್ದು ಮೊದಲು ಚಿಮಣಿ, ಆಮೇಲೆ ಭಾಸ್ಕರನ ಕಿವಿ.

ಆ ಕಿವಿಯನ್ನು ತಿಂದದ್ದೂ ಅದೇ ಟರ್ಬೈನು. ಅದರ ಮೇಲೆ ಅವನಿಗೆ ಸಿಟ್ಟಿಲ್ಲ, ಆಶ್ಚರ್ಯವೆಂದರೆ ಅದು. ಹತ್ತಿ ಇಟ್ಟುಕೊಳ್ಳಿ, ಮುಚ್ಚಳ ಹಾಕಿಕೊಳ್ಳಿ ಎಂದರೆ, ಕಿವಿ ಮುಚ್ಚಿಕೊಂಡು ಯಂತ್ರವನ್ನು ಕೇಳುವುದು ಹೇಗೆ ಮಾರಾಯ್ರೆ ಎಂದು ನಕ್ಕವರು ಅವನು ಮತ್ತು ದೇವರಾಜ ಇಬ್ಬರೇ. ಇಬ್ಬರದೂ ಕಂಡೆನ್ಸರಿನ ಕೆಲಸ. ಬಾಯ್ಲರಿನ ಹಬೆ ಟರ್ಬೈನನ್ನು ತಿರುಗಿಸಿ, ಸುಸ್ತಾಗಿ ಕೆಳಗಿಳಿಯುತ್ತದೆ. ಅಲ್ಲಿ ಸಾವಿರಾರು ಹಿತ್ತಾಳೆ ನಳಿಕೆ, ಒಳಗೆ ಹರಿಯುವ ಕಡಲ ನೀರು. ಹಬೆ ನಳಿಕೆಯ ತಣ್ಣನೆಯ ಹೊರಮೈಗೆ ತಾಗಿ ಮತ್ತೆ ನೀರಾಗುತ್ತದೆ. ಕುಗ್ಗಿದ ಹಬೆ ಬಿಟ್ಟ ಜಾಗದಲ್ಲಿ ಒಂದು ಖಾಲಿ ಹುಟ್ಟುತ್ತದೆ. ಆ ಖಾಲಿಯೇ ಮೇಲಿನ ಹಬೆಯನ್ನು ಜಗ್ಗಿ ಟರ್ಬೈನಿಗೆ ಇನ್ನಷ್ಟು ಬಲ ಕೊಡುವುದು. ಖಾಲಿ ಕಡಿಮೆಯಾದರೆ ಕಲ್ಲಿದ್ದಲು ದಂಡ. ಕಡಲ ನೀರಿನ ಜೊತೆ ಬರುವ ಪಾಚಿ, ಚಿಪ್ಪು ನಳಿಕೆಯಲ್ಲಿ ಕೂತರೆ ತಂಪು ತಾಗುವುದಿಲ್ಲ, ಎಲ್ಲೋ ಕೂದಲೆಳೆಯಷ್ಟು ತೂತಾದರೆ ಉಪ್ಪು ನೀರು ಒಳಗೆ ಸೇರುತ್ತದೆ. ತೊಳೆದು, ತೂತು ಹುಡುಕಿ, ಅಂಥ ನಳಿಕೆಯ ಬಾಯಿಗೆ ಬಿರಟೆ ಹೊಡೆದು ಮುಚ್ಚಿ, ಆ ಖಾಲಿಯನ್ನು ಇನ್ನೂ ಸ್ವಲ್ಪ ಖಾಲಿ ಮಾಡುವುದೇ ಭಾಸ್ಕರನ ಜೀವಮಾನದ ಕೆಲಸ. ಏನು ಕೆಲಸ ಮಾಡ್ತೆ ಎಂದು ಕೇಳಿದ ಅಪ್ಪ ಶನಿಯಾರನಿಗೆ ಒಮ್ಮೆ ಇದನ್ನೆಲ್ಲ ವಿವರಿಸಿದ್ದ. ದೋಣಿಯ ನೀರು ಗೋರುವವನ ಹಾಗೆ ಅಲ್ದಾ ಎಂದಿದ್ದ ಅಪ್ಪ. ಆಗ ಅವಮಾನವಾಗಿತ್ತು. ಈಗ ಯೋಚಿಸಿದರೆ ಅದಕ್ಕಿಂತ ಸರಿಯಾಗಿ ಯಾರೂ ಹೇಳಿಲ್ಲ.

ಬಸ್ಸಿಳಿದು ಒಳಗೆ ಬರುವಾಗಲೇ ಮುಖ್ಯ ಎಂಜಿನಿಯರ್ ವೆಂಕಟ್ರಮಣ ಸಾಹೇಬರು ಎದುರಾದರು. ಸದ್ಯ, ಅವರ ಮೀಸೆ ಸಣ್ಣದು. ಕಂಡೆನ್ಸರಿಗೆ ಉಪ್ಪು ನೀರು ಸೇರಿದೆ. ಒಂದು ಅರ್ಧದಲ್ಲಿ ಕಡಲ ನೀರು ನಿಲ್ಲಿಸಿ ಖಾಲಿ ಮಾಡಿದೆ, ಇನ್ನೊಂದು ಅರ್ಧದಲ್ಲಿ ಟರ್ಬೈನು ಕುಂಟುತ್ತ ಓಡುತ್ತಿದೆ. ಸಂಜೆಯೊಳಗೆ ತೂತಾದ ನಳಿಕೆ ಮುಚ್ಚದಿದ್ದರೆ ಎಲ್ಲ ನಿಲ್ಲಿಸಬೇಕು. ಇಷ್ಟನ್ನು ಭಾಸ್ಕರ ಅವರ ಬಾಯಿಂದ ಹೆಕ್ಕಿಕೊಂಡ. ಪಕ್ಕದಲ್ಲಿ ಶ್ರೀಗೌರಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಸಂತೆಗುಳಿಯ ತೋಟದ ಮನೆಯ ಹುಡುಗಿ, ಸೇರಿ ಇನ್ನೂ ವರ್ಷ ತುಂಬಿಲ್ಲ, ಈ ತಿಂಗಳ ಕೊನೆಗೆ ಅವಳ ನೌಕರಿ ಕಾಯಂ ಆಗಬೇಕು. "ನೀನು ಆ ತುದಿಗೆ, ಭಾಸ್ಕರ ಈ ತುದಿಗೆ," ಎಂದರು ಸಾಹೇಬರು ಅವಳಿಗೆ. "ಹೆದರಬೇಡ. ಇವರ ಕಿವಿ ಇದ್ದಲ್ಲಿ ಮಶಿನ್ ಬೇಡ." ಶ್ರೀಗೌರಿ ಅವನ ಕಡೆ ತಿರುಗಿ ನಕ್ಕಳು. ಆ ನಗೆಯಲ್ಲಿ ಪೂರಾ ನಂಬಿಕೆ ಇತ್ತು. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಟರ್ಬೈನಿನ ಗದ್ದಲದಲ್ಲಿ ಬಾಯಿ ದೊಡ್ಡದು ಮಾಡಿ ಹೇಳುತ್ತಿದ್ದ ಕಾರಣ ಮಾತು ಸ್ಪಷ್ಟ ಕಾಣುತ್ತಿತ್ತು: "ತಿಂಡಿ ತಿಂದಿದ್ದಿಲ್ಲೆ ಆಯಿ, ಕೆಲಸ ಇದ್ದು. ಆಮೇಲೆ ಮಾಡ್ತೆ." ಕುಮಟೆಯಲ್ಲಿ ಓದುವಾಗ ಅವನ ಬೆಂಚಿನ ಇಬ್ಬರೂ ಭಟ್ಟರ ಮನೆಗಳ ಈ ಮಾತಿನವರು. ಅವರು ಪಿಸುಗುಟ್ಟಿದರೂ ಜಗತ್ತು ನಡೆಯುತ್ತಿತ್ತು. ಕಡಲ ದಂಡೆಯ ಬಾಡದಿಂದ ಬಂದ ಭಾಸ್ಕರ ಉತ್ತರ ಹೇಳಲು ಎದ್ದರೆ ಮಾಸ್ತರರು, "ಇದು ಮೀನು ಪೇಟೆ ಅಲ್ಲ," ಎನ್ನುತ್ತಿದ್ದರು, ಕ್ಲಾಸು ನಗುತ್ತಿತ್ತು. ಅಪ್ಪ ದೋಣಿಯಿಂದ ದೋಣಿಗೆ ಮಾತಾಡುವವನು, ಅಮ್ಮ ಮಾಸ್ತಮ್ಮ ಅಳಿವೆಯ ಈ ದಡದಿಂದ ಆ ದಡಕ್ಕೆ. ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೋ ಹುಷಾರಿಲ್ಲ ಎಂದರ್ಥ. ಅವನು ವರ್ಷಗಟ್ಟಲೆ ಕಷ್ಟಪಟ್ಟು ದನಿಯನ್ನು ಇಳಿಸಿಕೊಂಡ. ಮದುವೆಗೆ ಹೆಣ್ಣು ನೋಡಲು ಹೋದಾಗ ಜಯಂತಿಯ ಮನೆಯವರು, ಹುಡುಗ ಬಹಳ ಮೆತ್ತಗೆ, ಖಾರ್ವಿಯರ ಪೈಕಿ ಎಂದು ಹೇಳಲಿಕ್ಕೇ ಆಗುವುದಿಲ್ಲ ಎಂದದ್ದನ್ನು ಹೊಗಳಿಕೆ ಎಂದು ಇಟ್ಟುಕೊಂಡಿದ್ದ.

ಕಂಡೆನ್ಸರಿನ ತುದಿಯಲ್ಲಿ ಕಡಲ ನೀರು ಬಂದು ತುಂಬುವ ಕಬ್ಬಿಣದ ಕೋಣೆ. ಮನುಷ್ಯ ತೂರುವಷ್ಟು ದುಂಡನೆಯ ಬಾಗಿಲು ತೆರೆದಿತ್ತು. ವಾಸನೆಗೆ ಕೂಲಿಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಬಾಗಿಲ ಕಾವಲಿಗೆ ನಿಂತ ಫಿಟ್ಟರ್ ದಿನೇಶ, "ಭಾಸ್ಕರಣ್ಣ, ಮಾಸ್ಕು," ಎಂದು ಚಾಚಿದ. ಭಾಸ್ಕರ ಬೇಡವೆಂದು ಒಳಗೆ ತೂರಿದ. ಸತ್ತ ಚಿಪ್ಪು, ಪಾಚಿ, ಉಪ್ಪು, ಕೆಸರು. ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ದೇವರಾಜನಿಗೂ: ಈ ವಾಸನೆಗಾಗಿಯೇ ಅವನು ಪ್ರಮೋಷನ್ನು ಬಂದ ಮೇಲೂ ಒಳಗೆ ಇಳಿಯುತ್ತಿದ್ದದ್ದು. ಇದು ಅಮ್ಮನ ಸೀರೆಯ ವಾಸನೆ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು, ಕಾಲಿನಿಂದಲೇ ತಡವಿ, ಮುಳುಗಿ ಬಳಚು ಎನ್ನುವ ಚಿಪ್ಪುಮೀನು ಹೆಕ್ಕಿ ತಂದು, ಬುಟ್ಟಿ ಹೊತ್ತು ಮಾರುತ್ತಿದ್ದಳು. ಬೇಯಿಸಿದಾಗ ಚಿಪ್ಪು ಬಾಯಿ ತೆರೆಯುವ ಟಿಕ್ ಟಿಕ್ ಸದ್ದು, ಅಂಗಳದಲ್ಲಿ ರಾಶಿ ಬಿದ್ದ ಖಾಲಿ ಚಿಪ್ಪು, ಅದರ ಮೇಲೆ ನಡೆದರೆ ಅಂಗಾಲಿಗೆ ಆಗುವ ಉರಿ. ಅವಳು ಹೋಗಿ ಎಷ್ಟೋ ಕಾಲವಾಯಿತು. ಫೋಟೋ ನೋಡಿದರೆ ಅವಳು ನೆನಪಾಗುವುದಿಲ್ಲ. ಫೋಟೋದಲ್ಲಿ ಅವಳು ಯಾರದ್ದೋ ಹೊಸ ಸೀರೆ ಉಟ್ಟು, ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ನೆನಪಾಗುವುದು ಇಲ್ಲಿ, ಬಗ್ಗಿ ಕೂತು, ಟಾರ್ಚು ಹೊತ್ತಿಸಿದಾಗ. ಎದುರಿಗೆ ಶಾವಿಗೆ ಒರಳಿನ ಬಿಲ್ಲೆಯ ಹಾಗೆ ತೂತು ತೂತಾದ ಹಿತ್ತಾಳೆಯ ಗೋಡೆ, ಒಂದೊಂದು ತೂತೂ ಒಂದು ನಳಿಕೆಯ ಬಾಯಿ.

ನಳಿಕೆಗಳಿಗೆ ಎರಡು ತುದಿ. ಬಿರಟೆಯನ್ನು ಎರಡೂ ತುದಿಗೆ, ಒಂದೇ ನಳಿಕೆಗೆ ಹೊಡೆಯಬೇಕು. ಕೇಳಲು ಸುಲಭ. ಆದರೆ ಆ ತುದಿಯವನ ಎಡ ಈ ತುದಿಯವನಿಗೆ ಬಲ. ಹಿಂದೊಮ್ಮೆ ಎಣಿಸಿ ಎಣಿಸಿ ಇಬ್ಬರು ಬೇರೆ ಬೇರೆ ನಳಿಕೆಗೆ ಬಿರಟೆ ಹೊಡೆದು, ಉಪ್ಪು ನೀರು ಬಾಯ್ಲರಿನವರೆಗೆ ಹೋಗಿ ಸ್ಥಾವರವೇ ಮಲಗಿತ್ತು. ಅನುಭವಸ್ಥ ಈ ತುದಿಯಲ್ಲಿದ್ದ, ಹಾಗಾಗಿ ಆ ತುದಿಯ ಹೊಸ ಹುಡುಗ ತಪ್ಪೆಣಿಸಿದ ಎಂದಾಯಿತು. ಅವನು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದ. ಅಂದಿನಿಂದ ಇಲ್ಲಿ ಒಂದು ರೂಢಿ: ಎಣಿಕೆ ನಂಬುವ ಹಾಗಿಲ್ಲ. ಆ ತುದಿಯವನು ನಳಿಕೆಗೆ ಬಾಯಿಟ್ಟು ಕೂಗಬೇಕು, ಈ ತುದಿಯವನು ಕಿವಿಗೊಟ್ಟು ಕೇಳಿಸಿಕೊಳ್ಳಬೇಕು, ದನಿ ಬಂದ ಮೇಲೆಯೇ ಸುತ್ತಿಗೆ. ದೇವರಾಜ ಆ ತುದಿಯಲ್ಲಿದ್ದಾಗ ಬರೀ ಹಲೋ ಎನ್ನುತ್ತಿರಲಿಲ್ಲ. ಅವನ ಮನೆಯ ಸುದ್ದಿಯೆಲ್ಲ ಭಾಸ್ಕರನಿಗೆ ಬಂದದ್ದು ನಳಿಕೆಯಲ್ಲೇ. ಎದುರೆದುರು ನಿಂತರೆ ಇಬ್ಬರೂ ಮಾತು ಕಡಿಮೆ. ಮಗಳು ಹುಟ್ಟಿದ್ದನ್ನು, ತಮ್ಮನ ದೋಣಿ ಮಗುಚಿದ್ದನ್ನು, ಒಮ್ಮೆ ತಾನು ಹೆಂಡತಿಗೆ ಕೈ ಮಾಡಿದ್ದನ್ನೂ ದೇವರಾಜ ಕತ್ತಲೆಯ ಆ ತುದಿಯಿಂದ ಹೇಳಿದ್ದ. ಹಿತ್ತಾಳೆಯ ಮೂಲಕ ಬಂದ ದನಿ ಕಿವಿಗೆ ಬೆಚ್ಚಗಿರುತ್ತಿತ್ತು. ಭಾಸ್ಕರ ಉತ್ತರವಾಗಿ ಹೇಳುತ್ತಿದ್ದದ್ದು, "ಕೇಳ್ತು," ಅಷ್ಟೇ. ಅಷ್ಟೇ ಸಾಕಾಗುತ್ತಿತ್ತು.

ಶ್ರೀಗೌರಿ ಆ ತುದಿಯ ಗೋಡೆಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದು ಒಳಕ್ಕೆ ಗುಳಿ ಬಿದ್ದ ಜಾಗದಲ್ಲಿ ತೂತಾದ ನಳಿಕೆಯನ್ನು ಹಿಡಿದಿದ್ದಾಳೆ ಎಂದು ದಿನೇಶ ವಾಕಿಟಾಕಿ ಕೇಳಿ ಸನ್ನೆಯಲ್ಲಿ ಹೇಳಿದ. ಈ ತುದಿಯಲ್ಲಿ ಚಿಪ್ಪಿನ ಲೋಳೆಗೆ ಹಾಳೆ ಅಂಟಲಿಲ್ಲ. ಭಾಸ್ಕರ ಊದುಬತ್ತಿ ಹಚ್ಚಿದ, ತೂತಾದ ನಳಿಕೆ ಹೊಗೆಯನ್ನು ಒಳಗೆ ಎಳೆಯುತ್ತದೆ. ಹೊಗೆ ತೇಲಿ ಹೋಗಿ ಮೂರು ನಳಿಕೆಗಳ ಹತ್ತಿರ ತಡವರಿಸಿತು, ಯಾವುದಕ್ಕೆ ಹೋಗಲಿ ಎಂದು ತೀರ್ಮಾನಿಸದೆ ಚದುರಿತು. ಟಾರ್ಚು ಬಿಟ್ಟು ನೋಡಿದರೆ ಮೂರೂ ಕತ್ತಲು, ಮೂರರಲ್ಲೂ ನಡುವೆ ಎಲ್ಲೋ ಚಿಪ್ಪು ಸಿಕ್ಕಿಕೊಂಡಿದೆ. ಬೆಳಕು ಬರುವುದಿಲ್ಲ, ಸರಳು ತೂರುವುದಿಲ್ಲ. ಚಿಪ್ಪಿನ ಸಂದಿನಲ್ಲಿ ಬರಬಹುದಾದದ್ದು ದನಿ ಒಂದೇ. "ಮ್ಯಾಡಮ್ ಕೂಗ್ತಾ ಇದ್ರು," ಎಂದ ದಿನೇಶ, ಬಾಯಿಯ ಹತ್ತಿರ ಕೈ ಹಿಡಿದು ತೋರಿಸುತ್ತ.

ಭಾಸ್ಕರ ಮೊದಲ ನಳಿಕೆಗೆ ಕಿವಿಗೊಟ್ಟ. ಹಿತ್ತಾಳೆ ತಣ್ಣಗಿತ್ತು. ಏನೂ ಇಲ್ಲ. ಎರಡನೆಯದು. ಏನೂ ಇಲ್ಲ. ಮೂರನೆಯದು. ಏನೂ ಇಲ್ಲ ಎನ್ನುವುದೂ ಸರಿಯಲ್ಲ, ಇತ್ತೀಚೆಗೆ ಅವನ ತಲೆಯೊಳಗೇ ಸದಾ ಇರುವ ಒಂದು ಗುಂಯ್ ಇತ್ತು, ಅದು ಎಲ್ಲ ನಳಿಕೆಯಲ್ಲೂ ಒಂದೇ ಸಮನೆ ಇತ್ತು. ಎಡಗಿವಿ ಕೊಟ್ಟ. ಕಣ್ಣು ಮುಚ್ಚಿದ. ಆ ಕಡೆ ಒಂದು ಹುಡುಗಿ ತಿಂಡಿಯೂ ತಿನ್ನದೆ, ಮೂಗು ಮುಚ್ಚಿಕೊಳ್ಳುವ ಈ ಕೊಳಕಿನಲ್ಲಿ ಮೊಣಕಾಲೂರಿ, ಗಂಟಲು ಹರಿಯುವ ಹಾಗೆ ತನ್ನನ್ನು ಕರೆಯುತ್ತಿದ್ದಾಳೆ. ನಡುವಿನ ನಳಿಕೆಯಲ್ಲಿ ಏನೋ ಕದಲಿದ ಹಾಗಾಯಿತೇ? ಆಗಿರಬಹುದು. ಅವನು ತಲೆ ತಿರುಗಿಸಿದಾಗ ದಿನೇಶನ ಹಿಂದೆ ವೆಂಕಟ್ರಮಣ ಸಾಹೇಬರ ಹೆಲ್ಮೆಟ್ಟೂ ಕಂಡಿತು. ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. ಭಾಸ್ಕರನ ಬಾಯಿ ತಾನಾಗಿ, "ಕೇಳ್ತು," ಎಂದಿತು. "ನಡುವಿನದ್ದು."

ದಿನೇಶ ಬಿರಟೆ, ಸುತ್ತಿಗೆ ಕೊಟ್ಟು ವಾಕಿಟಾಕಿಯಲ್ಲಿ ಹೇಳಿದ. ಸಾಹೇಬರು ಸಮಾಧಾನದಿಂದ ಗಡಿಯಾರ ನೋಡಿಕೊಂಡರು. ಎಷ್ಟು ಸಲೀಸು. ಮೂರರಲ್ಲಿ ಒಂದು. ಸರಿಯಾದರೆ ಇನ್ನೊಂದು ವರ್ಷ ಭಾಸ್ಕರನ ಕಿವಿ ಭಾಸ್ಕರನ ಕಿವಿಯೇ. ತಪ್ಪಾದರೆ? ತಪ್ಪಾದರೂ ತನಗೇನೂ ಆಗುವುದಿಲ್ಲ ಎಂಬುದು ಬಿರಟೆಯನ್ನು ನಳಿಕೆಯ ಬಾಯಿಗೆ ಇಡುವಾಗ ಅವನಿಗೆ ಹೊಳೆಯಿತು, ಮತ್ತು ಅದರಿಂದ ಮೈಯೆಲ್ಲ ಹೇಸಿಗೆಯಾಯಿತು. ಹಳಬನ ಕಿವಿ ತಪ್ಪಿತು ಎಂದು ಯಾರೂ ಹೇಳುವುದಿಲ್ಲ. ಆ ತುದಿಯವಳು ಬೇರೆ ನಳಿಕೆಗೆ ಕೂಗಿದಳು ಎನ್ನುತ್ತಾರೆ. ಹುಡುಗಿ ಬೇರೆ, ಹೊಸಬಳು ಬೇರೆ. ಅವಳೂ ನಂಬುತ್ತಾಳೆ. ತೋಟದ ಮನೆಗೆ ಹೋಗಿ ಆಯಿಯ ಹತ್ತಿರ, ನಾನೇ ತಪ್ಪು ಮಾಡಿದೆ ಎನ್ನುತ್ತಾಳೆ, ಜೀವಮಾನವಿಡೀ ಹಾಗೆಯೇ ತಿಳಿದಿರುತ್ತಾಳೆ. ಎತ್ತಿದ ಸುತ್ತಿಗೆ ಭಾರವಾಯಿತು. ಅವನು ಅದನ್ನು ಕೆಳಗಿಟ್ಟ, ಬಿರಟೆಯನ್ನೂ ತೆಗೆದ.

"ಹೊಡೀಬೇಡ ಹೇಳು ಅವಳಿಗೆ," ಎಂದ. "ನನಗೆ ಕೇಳ್ಲಿಲ್ಲ."

"ಈಗ ಕೇಳ್ತು ಅಂದ್ರಿ ಭಾಸ್ಕರಣ್ಣ?"

"ಸುಳ್ಳು ಹೇಳ್ದೆ. ನನಗೆ ಕಿವಿ ಕೇಳೂದಿಲ್ಲ ದಿನೇಶ. ಇವತ್ತು ಅಂತಲ್ಲ. ಒಂದೂ ಕೇಳೂದಿಲ್ಲ."

ದಿನೇಶ ಹಿಂದೆ ತಿರುಗಿ ಸಾಹೇಬರನ್ನು ನೋಡಿದ. ಸಾಹೇಬರು ಏನೋ ಹೇಳಿದರು. ಅರ್ಧ ಮುಖ ಬಾಗಿಲಿನ ಆಚೆಗಿತ್ತು, ಏನೆಂದು ಗೊತ್ತಾಗಲಿಲ್ಲ. ತಿಳಿದುಕೊಳ್ಳಲು ಭಾಸ್ಕರ ಪ್ರಯತ್ನಿಸಲೂ ಇಲ್ಲ. ಎದೆಯೊಳಗೆ ಒಂಥರಾ ಸಡಿಲ, ಅದರ ಹಿಂದೆಯೇ ಅಳುವಷ್ಟು ದುಃಖ. "ಅವಳು ಕೇಳ್ಲಿ, ನಾನು ಕೂಗ್ತೆ," ಎಂದ. "ತೂತಾದ ನಳಿಕೆಗೆ ಕಿವಿ ಕೊಟ್ಟು ಕೂತ್ಕೊಳ್ಲಿ. ಕೇಳಿದ್ರೆ ಅದರ ಬಾಯಿಗೆ ಸುತ್ತಿಗೇಲಿ ಹೊಡೀಲಿ, ನನಗೆ ಕೈಗೆ ಗೊತ್ತಾಗ್ತದೆ." ದಿನೇಶ ವಾಕಿಟಾಕಿ ಹಿಡಿದುಕೊಂಡು ಎಲ್ಲವನ್ನೂ ಹೇಳಿದ, ಬಹುಶಃ ಕಿವಿಯ ವಿಷಯವನ್ನೂ. ಆ ವಾಕಿಟಾಕಿ ಇಡೀ ಸ್ಥಾವರಕ್ಕೆ ಕೇಳುತ್ತದೆ.

ಭಾಸ್ಕರ ಅಂಗೈಯನ್ನು ಹಿತ್ತಾಳೆಯ ಗೋಡೆಗೆ ಒತ್ತಿ, ನಡುವಿನ ನಳಿಕೆಗೆ ಬಾಯಿಟ್ಟು ಹಲೋ ಎಂದು ಕೂಗಿದ. ತುಟಿಗೆ ಉಪ್ಪು ತಾಗಿತು. ಕಾದ. ಗೋಡೆ ಸುಮ್ಮನಿತ್ತು. ಈಗ ತಾನೇ ಬಿರಟೆ ಇಟ್ಟಿದ್ದ ನಳಿಕೆ ಅದು. ಎಡಗಡೆಯದಕ್ಕೆ ಬಾಯಿಟ್ಟು ಮತ್ತೆ ಕೂಗಿದ, ಶ್ರೀಗೌರೀ ಎಂದ, ಇನ್ನೊಮ್ಮೆ ಎಂದ. ಗೋಡೆ ಸುಮ್ಮನಿತ್ತು. ತನ್ನ ದನಿ ಸಾಕಾಗುತ್ತಿದೆಯೋ ಇಲ್ಲವೋ ಅವನಿಗೇ ತಿಳಿಯದು. ಕುಮಟೆಯ ಕ್ಲಾಸಿನಲ್ಲಿ ಇಳಿಸಿಕೊಂಡ ದನಿ ಅದು, ಚಿಪ್ಪು ದಾಟಿ ಹೋಗುವಂಥದ್ದಲ್ಲ. ಬಲಗಡೆಯದಕ್ಕೆ ಬಾಯಿ ಇಟ್ಟ, ಶ್ವಾಸ ಎಳೆದುಕೊಂಡ, ಸತ್ತ ಚಿಪ್ಪಿನ ವಾಸನೆ ಎದೆ ತುಂಬ ಬಂತು. ಹೊರಟದ್ದು ಹಲೋ ಅಲ್ಲ. "ಬಳ್ಚ್ ಬೇಕನ್ರೇ… ಬಳ್ಚೋ… ತಾಜಾ ಬಳ್ಚೋ…" ಬುಟ್ಟಿ ಹೊತ್ತ ಹೆಂಗಸಿನ ರಾಗ, ಕೊನೆಯಲ್ಲಿ ಎಳೆದು ಮೇಲಕ್ಕೇರುವ ಅದೇ ತಿರುವು. ಹೊಟ್ಟೆಯಿಂದ ಬಂತು. ಕಿವಿಗೆ ಕೇಳದಿದ್ದರೂ ಹಲ್ಲಿಗೆ, ದವಡೆಗೆ, ಕೆನ್ನೆಯ ಎಲುಬಿಗೆ ಕೇಳಿತು. ಬಾಗಿಲಲ್ಲಿ ದಿನೇಶ ಬೆಚ್ಚಿಬಿದ್ದದ್ದು ಕಣ್ಣಂಚಿನಲ್ಲಿ ಕಂಡಿತು.

ಅಂಗೈಗೆ ಏಟು ತಾಗಿತು. ಇನ್ನೊಂದು. ಆಮೇಲೆ ಬಿಡದೆ ಮೂರು ನಾಲ್ಕು, ಗಾಬರಿಯಲ್ಲೋ ಖುಷಿಯಲ್ಲೋ ಹೊಡೆದದ್ದು. ಭಾಸ್ಕರ ನಳಿಕೆಯ ಬಾಯಿಯ ಮೇಲೆ ಬೆರಳಿಟ್ಟು ಅದು ನಡುಗುವುದನ್ನು ನೋಡಿದ. ಬಿರಟೆ ಇಟ್ಟು, ಸುತ್ತಿಗೆ ಎತ್ತಿ, ಸರಿಯಾಗಿ ಹೊಡೆದ. ಬಿರಟೆ ಕೂತಿತು. ಇನ್ನು ಈ ಕೋಣೆಯೊಳಗೆ ತನ್ನನ್ನು ಬಿಡುವುದಿಲ್ಲ, ನಾಳೆಯೇ ಗೇಟಿನ ಪಕ್ಕದ ಮೇಜು. ಹೊರಗೆ ಹೋಗುವ ಅವಸರವಿಲ್ಲದೆ ಅವನು ಸ್ವಲ್ಪ ಹೊತ್ತು ಬಗ್ಗಿ ಕೂತೇ ಇದ್ದ, ಕಾಲಡಿಯ ಚಿಪ್ಪುಗಳಲ್ಲಿ ಕೈಯಾಡಿಸುತ್ತ. ದಿನ ಮುಗಿಸಿ ಬಂದು ಅಂಗಳದಲ್ಲಿ ಕೂತ ಅಮ್ಮನೂ ಹೀಗೆಯೇ ಕೈಯಾಡಿಸುತ್ತಿದ್ದಳು, ಯಾತಕ್ಕೆಂದು ಅವನು ಎಂದೂ ಕೇಳಿರಲಿಲ್ಲ.

ಹೆಗಲಿಗೆ ಕೈ ತಾಗಿತು. ದಿನೇಶ ಬಾಗಿಲಿನಿಂದ ಅರ್ಧ ಒಳಗೆ ತೂರಿ ಏನೋ ಹೇಳುತ್ತಿದ್ದ, ಬೆಳಕು ಅವನ ಬೆನ್ನಿಗಿತ್ತು.

"ಬೆಳಕಿಗೆ ಮುಖ ಮಾಡಿ ಹೇಳು ಮಾರಾಯಾ," ಎಂದ ಭಾಸ್ಕರ. "ನನಗೆ ಕೇಳೂದಿಲ್ಲ."

ದಿನೇಶ ಟಾರ್ಚನ್ನು ತನ್ನ ಮುಖಕ್ಕೇ ಹಿಡಿದುಕೊಂಡು ನಿಧಾನವಾಗಿ ಹೇಳಿದ: "ಮ್ಯಾಡಮ್ ಕೇಳ್ತಾ ಇದ್ರು. ಬಳ್ಚು ಹ್ಯಾಂಗೆ ಕೊಟ್ರಿ ಅಂತ."

ಸಂತೆಗುಳಿಯ ಭಟ್ಟರ ಮನೆ ಹುಡುಗಿ! ಭಾಸ್ಕರನಿಗೆ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು. ಎರಡನ್ನೂ ತಡೆಯಲಿಲ್ಲ.

"ಇದು ಕಡೇ ಪಾಲು, ದುಡ್ಡು ಬೇಡ, ಹಾಂಗೇ ತಕೊಳ್ಲಿ ಅನ್ನು," ಎಂದ. ದಿನೇಶ ವಾಕಿಟಾಕಿಗೆ ಅದನ್ನೇ ಹೇಳಿದ.